‘ಲೇಡಿ ಬಿ ಗುಡ್’ ವಿಮಾನ ಮತ್ತು ಅದರ ಒಂಬತ್ತು ಜನ ವೈಮಾನಿಕರು

೧

ಎರಡನೆಯ ಮಹಾಯುದ್ಧದಲ್ಲಿ ಹೊರಟು ಹಿಂದಿರುಗದ ವಿಮಾನಗಳನ್ನು ಸಾವಿರಗಳಲ್ಲಿ ಎಣಿಸಬೇಕಾಗುತ್ತದೆ. ಅವುಗಳಲ್ಲಿ ಬಹುಪಾಲಿನ ಚರಿತ್ರೆ ಸೇನೆಯ ದಫ್ತರದ ಒಂದು ಸಾಲಿನಲ್ಲಿ ಮುಗಿದುಹೋಗಿದೆ: ಹೊರಟ ದಿನ, ಗುರಿಯ ಹೆಸರು, ಕೊನೆಗೆ ‘ಹಿಂದಿರುಗಲಿಲ್ಲ’ ಎಂಬ ಷರಾ. ಆ ಷರಾದ ಆಚೆಗೆ ನಡೆದುದನ್ನು ಹೇಳಬಲ್ಲವರು ಸಾಮಾನ್ಯವಾಗಿ ಯಾರೂ ಉಳಿದಿರುವುದಿಲ್ಲ. ಅಮೆರಿಕದ ‘ಲೇಡಿ ಬಿ ಗುಡ್’ ಎಂಬ ಬಾಂಬು ವಿಮಾನದ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ೧೯೪೩ನೆಯ ಇಸವಿ ಏಪ್ರಿಲ್ ೪ರಂದು ಲಿಬಿಯಾದಿಂದ ಹೊರಟು ಕಣ್ಮರೆಯಾದ ಆ ವಿಮಾನ ೧೫ ವರ್ಷಗಳ ತರುವಾಯ ಮರಳುಗಾಡಿನ ನಡುವೆ ಗೋಚರವಾಯಿತು. ಅದರ ವೈಮಾನಿಕರಲ್ಲಿ ಒಬ್ಬನು ತನ್ನ ಕೊನೆಯ ದಿನಗಳಲ್ಲಿ ಬರೆದಿಟ್ಟ ದಿನಚರಿ ೧೯೬೦ರಲ್ಲಿ ದೊರೆಯಿತು.

ಈ ಘಟನೆಯನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ಬರೆದಿರುವುದು ಕಡಮೆಯೇನಲ್ಲ. ಆದರೆ ಅದರಲ್ಲಿ ಹೆಚ್ಚಿನ ಭಾಗ ಮರುಭೂಮಿಯ ಭೀಕರತೆಯನ್ನೂ ವಿಧಿಯ ವೈಚಿತ್ರ್ಯವನ್ನೂ ವರ್ಣಿಸುವುದರಲ್ಲಿಯೇ ತೊಡಗಿದೆ. ಪ್ರಸ್ತುತ ಲೇಖನದ ಉದ್ದೇಶ ಬೇರೆ. ಒಂಬತ್ತು ಜನ ತರುಣರು, ಶತ್ರುವಿನ ಗುಂಡಿನಿಂದ ಯಾವ ಅಪಾಯವೂ ಆಗದೆ, ಹೊಚ್ಚಹೊಸ ವಿಮಾನದಲ್ಲಿ ಮರಳಿ ಬರುತ್ತಿದ್ದವರು, ಹೇಗೆ ಮೃತ್ಯುವಶರಾದರು? ಅವರನ್ನು ಹುಡುಕಿದವರಿಗೆ ಅವರು ಏಕೆ ಸಿಗಲಿಲ್ಲ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂಬುದು ದಾಖಲೆಗಳನ್ನು ಜೋಡಿಸಿ ನೋಡಿದಾಗ ಸ್ಪಷ್ಟವಾಗುತ್ತದೆ. ಅದನ್ನು ತೋರಿಸುವುದಷ್ಟೇ ಇಲ್ಲಿಯ ಪ್ರಯತ್ನ.

೨

ಮೊದಲು ಸನ್ನಿವೇಶವನ್ನು ನೆನಪಿಗೆ ತಂದುಕೊಳ್ಳಬೇಕು. ೧೯೪೨ರ ನವೆಂಬರಿನಲ್ಲಿ ಎಲ್ ಅಲಮೇನ್ ಕದನದಲ್ಲಿ ಸೋತ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳು ಪಶ್ಚಿಮಕ್ಕೆ ಹಿಮ್ಮೆಟ್ಟಿದುವು. ಬೆಂಗಾಜಿ ಬ್ರಿಟಿಷರ ವಶವಾಯಿತು. ೧೯೪೩ರ ವಸಂತಕಾಲದ ಹೊತ್ತಿಗೆ ಯುದ್ಧ ಟ್ಯುನೀಸಿಯಾಕ್ಕೆ ಸರಿದಿತ್ತು. ನಮ್ಮ ನಾಲ್ಕನೆಯ ಭಾರತೀಯ ಡಿವಿಜನ್ನಿನ ಯೋಧರು ಅದೇ ಏಪ್ರಿಲ್ ೬ರಂದು ವಾದಿ ಅಕಾರಿಟ್ ಎಂಬಲ್ಲಿ ಹೋರಾಡುತ್ತಿದ್ದರು. ಅಲ್ಲಿಯ ಶತ್ರುಸೇನೆಗೆ ಆಹಾರವೂ ಮದ್ದುಗುಂಡೂ ಇಟಲಿಯ ಬಂದರುಗಳಿಂದ ಬರುತ್ತಿದ್ದುವು. ಆದುದರಿಂದ ಆ ಬಂದರುಗಳ ಮೇಲೆ ಬಾಂಬು ಹಾಕುವ ಕೆಲಸ ಲಿಬಿಯಾದ ಕರಾವಳಿಯಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಭಾರೀ ವಿಮಾನಗಳಿಗೆ ಬಂದಿತು. ಬೆಂಗಾಜಿಯ ದಕ್ಷಿಣಕ್ಕೆ, ಸಮುದ್ರದಿಂದ ಬಹಳ ದೂರವಲ್ಲದ ಸೊಲುಕ್ ಎಂಬ ವಿಮಾನ ಮೈದಾನ ಅಂತಹ ಒಂದು ಬೀಡು. ೩೭೬ನೆಯ ಬಾಂಬು ದಳ ಅಲ್ಲಿತ್ತು.

ಈ ದಳದ ವಿಮಾನಗಳು ಬಿ-೨೪ ಜಾತಿಯವು. ‘ಲಿಬರೇಟರ್’ ಎಂದು ಹೆಸರು. ನಾಲ್ಕು ಎಂಜಿನುಗಳ ಈ ವಿಮಾನವನ್ನು ಯುದ್ಧಕಾಲದಲ್ಲಿ ೧೮ ಸಾವಿರಕ್ಕೂ ಮಿಕ್ಕ ಸಂಖ್ಯೆಯಲ್ಲಿ ನಿರ್ಮಿಸಿದರು. ಕನ್ನಡ ನಾಡಿಗೂ ಇದು ಅಪರಿಚಿತವಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಕಾರದಿಂದ ೧೯೪೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ಉತ್ತರಾರ್ಧದಲ್ಲಿ ಅಮೆರಿಕದ ವಾಯುಸೇನೆಯ ವಿಮಾನಗಳನ್ನು ದುರಸ್ತಿಮಾಡುವ ಕೇಂದ್ರವಾಗಿತ್ತು. ಯುದ್ಧ ಮುಗಿದಾಗ ಕಾನಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು, ಸರಿಪಡಿಸಿ, ೧೯೪೮ರಿಂದ ಭಾರತೀಯ ವಾಯುಸೇನೆಗೆ ಒಪ್ಪಿಸಿದವರು ಈ ಕಾರ್ಖಾನೆಯವರೇ. ಆ ವಿಮಾನಗಳು ೧೯೬೮ರವರೆಗೆ ನಮ್ಮ ಸೇವೆಯಲ್ಲಿದ್ದುವು. ಜಗತ್ತಿನಲ್ಲಿ ಇಂದು ಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಭಾರತದಿಂದ ಹೋದಂತಹವು.

‘ಲೇಡಿ ಬಿ ಗುಡ್’ ಎಂಬುದು ೧೯೨೪ರ ಅಮೆರಿಕದ ಒಂದು ಸಂಗೀತ ನಾಟಕದ ಹೆಸರು. ಅದನ್ನೇ ವಿಮಾನದ ಮೂತಿಯ ಮೇಲೆ ಬರೆದಿದ್ದರು. ವಿಮಾನ ಸೊಲುಕ್ಕಿಗೆ ಬಂದದ್ದು ಮಾರ್ಚಿಯ ಕೊನೆಯ ವಾರದಲ್ಲಿ. ಅದರಲ್ಲಿ ಹೊರಟ ಒಂಬತ್ತು ಜನರೂ ಅದೇ ತಿಂಗಳು ಬಂದವರು. ತಂಡವಾಗಿ ಅವರಿಗೆ ಇದೇ ಮೊದಲ ಯುದ್ಧಯಾನ. ಚಾಲಕ ವಿಲಿಯಂ ಹ್ಯಾಟನ್ ನ್ಯೂಯಾರ್ಕಿನವನು. ಸಹಚಾಲಕ ರಾಬರ್ಟ್ ಟೋನರ್ ಮ್ಯಾಸಚೂಸೆಟ್ಸಿನವನು. ಪಥನಿರ್ದೇಶಕ ಹೇಸ್ ಮಿಸೌರಿಯವನು. ಬಾಂಬು ಪ್ರಯೋಗಿಸುವ ಜಾನ್ ವೊರಾವ್ಕಾ ಒಹಾಯೋದವನು. ಯಂತ್ರಜ್ಞ ರಿಪ್‌ಸ್ಲಿಂಗರ್ ಮತ್ತು ರೇಡಿಯೋ ನಿರ್ವಾಹಕ ಲಮಾಟ್ ಇಬ್ಬರೂ ಮಿಶಿಗನ್ನಿನವರು. ಶೆಲ್ಲಿ, ಮೂರ್, ಆಡಮ್ಸ್ ಎಂಬ ಮೂವರು ಬಂದೂಕುಗಾರರು. ಬೇರೆ ಬೇರೆ ಪ್ರಾಂತಗಳಿಂದ ಬಂದು ಕೆಲವು ತಿಂಗಳ ತರಬೇತಿಯಲ್ಲಿ ಒಂದಾದ ಜನ. ಇವರಿಗೆ ಆಫ್ರಿಕದ ನೆಲದ ಪರಿಚಯ ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚಿನದು ಮಾತ್ರ.

೩

ಏಪ್ರಿಲ್ ೪, ಭಾನುವಾರ. ಗುರಿ ನೇಪಲ್ಸ್ ಬಂದರು. ದಳದ ದಾಖಲೆಗಳ ಪ್ರಕಾರ ಹೊರಟ ವಿಮಾನಗಳು ೨೫; ಟೋನರನ ದಿನಚರಿಯಲ್ಲಿ ೨೮ ಎಂದಿದೆ. ಮೈದಾನದಲ್ಲಿ ಮರಳಿನ ಗಾಳಿ ಎದ್ದಿತ್ತು. ಧೂಳು ಎಂಜಿನುಗಳಿಗೆ ಹೊಕ್ಕು ಕೆಲವು ವಿಮಾನಗಳು ಅರ್ಧ ದಾರಿಯಿಂದಲೇ ಹಿಂದಿರುಗಿದುವು. ‘ಲೇಡಿ ಬಿ ಗುಡ್’ ಕೊನೆಯ ತಂಡದಲ್ಲಿ ಹೊರಟಿತು. ನೇಪಲ್ಸಿನ ಸಮೀಪಕ್ಕೆ ಬಂದಾಗ ಕತ್ತಲಾಗಿತ್ತು, ಗುರಿ ಕಾಣಿಸಲಿಲ್ಲ. ಬಾಂಬುಗಳನ್ನು ಸಮುದ್ರದಲ್ಲಿ ಕೆಡವಿ ವಿಮಾನ ಒಂಟಿಯಾಗಿ ದಕ್ಷಿಣಕ್ಕೆ ತಿರುಗಿತು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಫಾಲ್ಗುಣ ಅಮಾವಾಸ್ಯೆಯ ರಾತ್ರಿ, ಚಂದ್ರನಿಲ್ಲ. ಯುದ್ಧಕಾಲವಾದುದರಿಂದ ಕರಾವಳಿಯ ಊರುಗಳಲ್ಲಿ ದೀಪಗಳನ್ನು ಮರೆಮಾಡಿದ್ದರು. ಅಂತಹ ರಾತ್ರಿಯಲ್ಲಿ ಮೇಲಿನಿಂದ ನೋಡುವವನಿಗೆ ಕಡಲೂ ಮರಳುಗಾಡೂ ಒಂದೇ ಕಪ್ಪು.

ನಡುರಾತ್ರಿ ಕಳೆದು ೧೨ ನಿಮಿಷಕ್ಕೆ ಹ್ಯಾಟನ್ ರೇಡಿಯೋದಲ್ಲಿ ಕರೆದನು. ವಿಮಾನದ ದಿಕ್ಕು ತೋರಿಸುವ ಯಂತ್ರ ಕೆಲಸ ಮಾಡುತ್ತಿಲ್ಲ, ತನಗೆ ದಿಕ್ಕನ್ನು ತಿಳಿಸಬೇಕು ಎಂಬುದು ಅವನ ಕೋರಿಕೆ. ಬೆಂಗಾಜಿಯ ಬಳಿಯ ಬೆನಿನಾ ಕೇಂದ್ರದವರು ಅವನ ಧ್ವನಿಯನ್ನು ಅಳೆದು ೩೩೦ ಅಂಶ ಎಂದು ಉತ್ತರ ಕೊಟ್ಟರು. ಅಂದರೆ ವಿಮಾನ ಕೇಂದ್ರದಿಂದ ವಾಯವ್ಯಕ್ಕಿದೆ, ನೇಪಲ್ಸಿನ ದಾರಿಯಲ್ಲಿ ಸಮುದ್ರದ ಮೇಲೆಯೇ ಇದೆ, ಇನ್ನೂ ಮುಂದೆ ಬರಬೇಕು. ವಿಮಾನ ಮುಂದೆ ಹೋಯಿತು.

ಈ ಉತ್ತರದಲ್ಲಿಯೇ ಎಲ್ಲವೂ ಅಡಗಿದೆಯಾದುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಧ್ವನಿಯ ದಿಕ್ಕನ್ನು ಅಳೆಯಲು ಅಂದು ಬಳಸುತ್ತಿದ್ದುದು ಬಳೆಯ ಆಕಾರದ ಆಂಟೆನಾ. ಅದನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಒಂದು ನಿಲುವಿನಲ್ಲಿ ಧ್ವನಿ ಅಡಗಿಹೋಗುತ್ತದೆ. ಆ ನಿಲುವಿನಿಂದ ಧ್ವನಿ ಯಾವ ರೇಖೆಯ ಮೇಲಿದೆ ಎಂದು ತಿಳಿಯುತ್ತದೆ. ಆದರೆ ರೇಖೆಗೆ ಎರಡು ತುದಿ. ಬಳೆಯನ್ನು ಅರ್ಧ ಸುತ್ತು ತಿರುಗಿಸಿದರೂ ಧ್ವನಿ ಅದೇ ರೀತಿ ಅಡಗುತ್ತದೆ. ೩೩೦ ಅಂಶದಲ್ಲಿರುವ ವಿಮಾನವೂ ಅದಕ್ಕೆ ನೇರ ಎದುರಾಗಿ ೧೫೦ ಅಂಶದಲ್ಲಿ, ಅಂದರೆ ಆಗ್ನೇಯದಲ್ಲಿರುವ ವಿಮಾನವೂ ಆ ಬಳೆಗೆ ಒಂದೇ. ಎದುರಿನಿಂದ ಬರುತ್ತಿದೆಯೋ ಬೆನ್ನು ತಿರುಗಿಸಿ ಹೋಗುತ್ತಿದೆಯೋ ಎಂಬುದನ್ನು ಬಳೆ ಹೇಳಲಾರದು. ಅದನ್ನು ತಿಳಿಯಲು ಬೇರೊಂದು ಆಂಟೆನಾ ಬೇಕು. ಇಲ್ಲವೇ ಇನ್ನೊಂದು ಕೇಂದ್ರದವರು ಅದೇ ಹೊತ್ತಿಗೆ ಅಳೆದು ಹೇಳಬೇಕು. ಎರಡು ರೇಖೆಗಳು ಕೂಡಿದಲ್ಲಿ ವಿಮಾನ.

ಶಾಸನಗಳನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನು ಮಾತ್ರ ಹೇಳುವ ಶಾಸನ ಸುಳ್ಳನ್ನೇನೂ ಹೇಳುವುದಿಲ್ಲ. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ನಾವು ಹೇಳುತ್ತಿರುವ ಈ ರಾತ್ರಿ ಕಳೆದು ಯುಗಾದಿಯೊಂದಿಗೆ ಆರಂಭವಾದ ಸ್ವಭಾನು ಸಂವತ್ಸರ ೧೮೮೩ರಲ್ಲಿಯೂ ಬಂದಿತ್ತು, ೨೦೦೩ರಲ್ಲಿಯೂ ಬಂದಿತು. ತಿಥಿವಾರಗಳು, ಗ್ರಹಣ, ಆಳುವ ಅರಸನ ಹೆಸರು, ಲಿಪಿಯ ರೂಪ ಇವುಗಳಲ್ಲಿ ಒಂದಾದರೂ ಎರಡನೆಯ ಸಾಕ್ಷಿಯಾಗಿ ನಿಂತಲ್ಲದೆ ಕಾಲವನ್ನು ನಿರ್ಣಯಿಸುವಂತಿಲ್ಲ. ಒಂದೇ ಸಾಕ್ಷಿಯಿಂದ ನಿರ್ಣಯಿಸಿದ ವಿದ್ವಾಂಸನ ತಪ್ಪನ್ನು ಮುಂದಿನ ಸಂಚಿಕೆಯಲ್ಲಿ ಇನ್ನೊಬ್ಬ ವಿದ್ವಾಂಸನು ತಿದ್ದುತ್ತಾನೆ. ಬೆನಿನಾದ ಉತ್ತರವನ್ನು ತಿದ್ದಲು ಆ ರಾತ್ರಿ ಅವಕಾಶವಿರಲಿಲ್ಲ.

ಬೆನಿನಾದವರು ಅಳೆದುದು ತಪ್ಪಾಗಿರಲಿಲ್ಲ. ರೇಖೆ ಸರಿಯಾಗಿಯೇ ಇತ್ತು. ಆದರೆ ೧೯೫೯ರ ತನಿಖೆಯವರು ನಿರ್ಧರಿಸಿದಂತೆ, ಹ್ಯಾಟನ್ ಕರೆದಾಗ ವಿಮಾನ ಆಗಲೇ ಕರಾವಳಿಯನ್ನು ದಾಟಿ ಮರಳುಗಾಡಿನ ಮೇಲೆ ಆಗ್ನೇಯಕ್ಕೆ ಹೋಗುತ್ತಿತ್ತು. ನೇಪಲ್ಸಿನಿಂದ ಬರುವ ವಿಮಾನ ವಾಯವ್ಯದಲ್ಲಿಯೇ ಇರಬೇಕು ಎಂಬ ಸಹಜವಾದ ನಂಬಿಕೆ ರೇಖೆಯ ಎರಡು ತುದಿಗಳಲ್ಲಿ ಒಂದನ್ನು ಆರಿಸಿತು. ಅಳತೆ ಯಂತ್ರದ್ದು, ಆಯ್ಕೆ ಮನಸ್ಸಿನದು.

೪

ವಿಮಾನ ಇನ್ನೂ ಎರಡು ಗಂಟೆಗಳ ಕಾಲ ಹಾರಿತು. ಏಪ್ರಿಲ್ ೫ರ ಬೆಳಗಿನ ಜಾವ ಎರಡು ಗಂಟೆಯ ವೇಳೆಗೆ ಇಂಧನ ತೀರುತ್ತ ಬಂದಿತು. ಒಂಬತ್ತು ಜನರೂ ಪ್ಯಾರಾಶೂಟುಗಳನ್ನು ಕಟ್ಟಿಕೊಂಡು ಕತ್ತಲೆಗೆ ಹಾರಿದರು. ಅನಂತರ ದೊರೆತ ವಿಮಾನದಲ್ಲಿ ಪ್ಯಾರಾಶೂಟುಗಳೊಡನೆ ನೀರಿನಲ್ಲಿ ತೇಲಿಸುವ ಅಂಗಿಗಳೂ ಇರಲಿಲ್ಲ. ಕೆಳಗೆ ಕಡಲಿರಬಹುದೆಂಬ ಶಂಕೆ ಅವರಿಗಿತ್ತೆಂದು ಇದರಿಂದ ಊಹಿಸಬೇಕಾಗುತ್ತದೆ.

ಚಾಲಕನಿಲ್ಲದ ವಿಮಾನ ಅಲ್ಲಿಂದ ಮುಂದೆ ೧೬ ಮೈಲು ಹಾರಿ, ಮೆಲ್ಲಮೆಲ್ಲನೆ ಇಳಿದು, ಹೊಟ್ಟೆಯ ಮೇಲೆ ಜಾರಿ ನಿಂತಿತು. ರೆಕ್ಕೆಗಳ ಹಿಂಭಾಗದಲ್ಲಿ ಅದರ ದೇಹ ಮುರಿಯಿತಾದರೂ ಉಳಿದುದೆಲ್ಲ ಬಹುಮಟ್ಟಿಗೆ ಸುಸ್ಥಿತಿಯಲ್ಲಿತ್ತು. ಅದು ನಿಂತ ಸ್ಥಳ ಸೊಲುಕ್ಕಿನಿಂದ ಆಗ್ನೇಯಕ್ಕೆ ೪೪೦ ಮೈಲು. ನಮ್ಮ ಲೆಕ್ಕದಲ್ಲಿ ೭೦೦ ಕಿಲೋಮೀಟರಿಗೆ ಮಿಕ್ಕ ದೂರ. ಮುಂಬಯಿಯಿಂದ ಹೈದರಾಬಾದಿಗೆ ಇರುವ ರೈಲು ಹಾದಿಗೆ ಹೆಚ್ಚುಕಡಮೆ ಸಮ. ನಡುವೆ ನೀರಿಲ್ಲ, ಊರಿಲ್ಲ, ಹಾದಿಯಿಲ್ಲ.

ಇತ್ತ ಸೊಲುಕ್ಕಿನಲ್ಲಿ, ಬೆಳಗಾದ ಮೇಲೆ ಶೋಧ ಪ್ರಾರಂಭವಾಯಿತು. ಬೆನಿನಾದ ದಾಖಲೆಯಂತೆ ವಿಮಾನ ವಾಯವ್ಯದಲ್ಲಿ ಸಮುದ್ರದ ಮೇಲಿತ್ತು. ಮರಳುಗಾಡಿನ ಒಳನಾಡಿಗೆ ಅಷ್ಟು ದೂರ ಅದು ಹೋಗಿರಬಹುದೆಂದು ಯಾರಿಗೂ ತೋರಲಿಲ್ಲ. ಏನೂ ಸಿಗದಿರಲು, ವಿಮಾನ ಮೆಡಿಟರೇನಿಯನ್ನಿನಲ್ಲಿ ಬಿದ್ದು ಮುಳುಗಿರಬೇಕೆಂದು ತೀರ್ಮಾನಿಸಿದರು. ಏಪ್ರಿಲ್ ೬ರ ಟೋನರನ ದಿನಚರಿಯಲ್ಲಿ ಯಾವ ವಿಮಾನವೂ ಕಾಣಲಿಲ್ಲವೆಂದು ಬರೆದಿದೆ. ಇಲ್ಲಿ ಕಾಯುತ್ತಿದ್ದವರನ್ನು ಅಲ್ಲಿ ಹುಡುಕುತ್ತಿದ್ದರು. ದಾರಿ ತಪ್ಪಿಸಿದ ನಂಬಿಕೆಯೇ ಶೋಧವನ್ನೂ ದಾರಿ ತಪ್ಪಿಸಿತು.

೫

ಲಿಬಿಯಾ ೧೯೫೧ರ ಡಿಸೆಂಬರಿನಲ್ಲಿ ಸ್ವತಂತ್ರವಾಯಿತು. ೧೯೫೫ರಲ್ಲಿ ಅಲ್ಲಿಯ ಸರ್ಕಾರ ಪೆಟ್ರೋಲಿಯಂ ಶಾಸನವನ್ನು ಜಾರಿಗೆ ತಂದ ಮೇಲೆ ವಿದೇಶೀ ತೈಲ ಸಂಸ್ಥೆಗಳು ಒಳನಾಡನ್ನು ಅಳೆಯತೊಡಗಿದುವು. ಹೀಗೆ ಹೋಗಿದ್ದ ಬ್ರಿಟಿಷ್ ತೈಲಶೋಧಕರು ೧೯೫೮ರಲ್ಲಿ, ಕಲನ್ಶೋ ಮರಳು ಸಾಗರದ ಪ್ರದೇಶದಲ್ಲಿ ಒಂದು ವಿಮಾನ ಬಿದ್ದಿರುವುದನ್ನು ಆಕಾಶದಿಂದ ಕಂಡು, ಟ್ರಿಪೋಲಿಯ ಬಳಿಯ ವೀಲಸ್ ಎಂಬ ಅಮೆರಿಕದ ವಾಯುನೆಲೆಗೆ ವರದಿಮಾಡಿದರು. ವರದಿ ಬಂದರೂ ಯಾರೂ ಕೂಡಲೇ ಹೊರಡಲಿಲ್ಲ. ಆ ಭಾಗದಲ್ಲಿ ವಿಮಾನ ಕಳೆದುಹೋದುದಕ್ಕೆ ದಾಖಲೆಯೇ ಇಲ್ಲ ಎಂಬುದು ಕಾರಣ. ಸಮುದ್ರದಲ್ಲಿ ಮುಳುಗಿತೆಂದು ಬರೆದುಕೊಂಡಿದ್ದ ದಫ್ತರಕ್ಕೆ ಮರಳಿನಲ್ಲಿರುವ ವಿಮಾನ ತನ್ನದೆಂದು ಹೇಗೆ ತೋರಬೇಕು? ೧೯೪೩ರ ಊಹೆ ೧೯೫೮ರ ಹೊತ್ತಿಗೆ ದಾಖಲೆಯಾಗಿತ್ತು. ದಾಖಲೆಯಾದ ಊಹೆ ಕಣ್ಣಿಗೆ ಕಂಡ ವಸ್ತುವನ್ನೇ ಸಂಶಯಕ್ಕೆ ಗುರಿಮಾಡಿತು.

೧೯೫೯ರಲ್ಲಿ ತೈಲಶೋಧಕರೇ ನೆಲದ ಮೇಲೆ ಅಲ್ಲಿಗೆ ತಲಪಿದರು. ಒಳಗೆ ದೊರೆತ ಹೆಸರುಗಳಿಂದ ವಿಮಾನದ ಗುರುತು ಹತ್ತಿತು. ಮೇ ತಿಂಗಳಲ್ಲಿ ಅಮೆರಿಕದ ಸೇನೆಯ ತಂಡ ಬಂದಿತು. ಒಣ ಹವೆಯಲ್ಲಿ ೧೬ ವರ್ಷ ನಿಂತಿದ್ದ ವಿಮಾನದ ಸ್ಥಿತಿಯನ್ನು ಕಂಡು ಅವರು ಬೆರಗಾದರು. ರೇಡಿಯೋ ಕೆಲಸ ಮಾಡುತ್ತಿತ್ತು. ಮೆಷಿನ್‌ಗನ್ನುಗಳು ಗುಂಡು ಹಾರಿಸಬಲ್ಲವಾಗಿದ್ದುವು. ಸ್ವಲ್ಪ ಆಹಾರವೂ ನೀರೂ ಇದ್ದುವು. ಥರ್ಮಾಸ್ ಬಾಟಲಿಯಲ್ಲಿದ್ದ ಪಾನೀಯ ಕುಡಿಯಲು ಬರುವಂತಿತ್ತು. ಆದರೆ ಒಬ್ಬ ಮನುಷ್ಯನ ಗುರುತೂ ಅದರಲ್ಲಿಲ್ಲ.

ವೈಮಾನಿಕರ ಜಾಡನ್ನು ಹುಡುಕುತ್ತ ಹೋದವರಿಗೆ ವಾಯವ್ಯದ ಕಡೆಗೆ ಗುರುತುಗಳು ಸಿಕ್ಕಿದುವು. ಬಿಸುಟ ಪಾದರಕ್ಷೆಗಳು, ಪ್ಯಾರಾಶೂಟಿನ ಬಟ್ಟೆಯನ್ನು ಬಾಣದ ಆಕಾರದಲ್ಲಿ ಹಾಸಿ, ಗಾಳಿಗೆ ಹಾರದಂತೆ ಕಲ್ಲುಗಳನ್ನಿಟ್ಟ ಸಂಕೇತಗಳು. ಬಾಣದ ತುದಿ ತಾವು ಹೋದ ಕಡೆಯನ್ನು ತೋರಿಸುತ್ತಿತ್ತು. ಹಿಂದೆ ಬರುವವರು ಯಾರೇ ಆಗಲಿ, ತಮ್ಮಿಂದ ಅಗಲಿದ ಗೆಳೆಯನೇ ಆಗಲಿ, ತಪ್ಪು ತಿಳಿಯಬಾರದೆಂದು ಅವರು ಇಟ್ಟ ಗುರುತು ಅದು. ಆದರೆ ಮರಳ ದಿಬ್ಬಗಳ ಅಂಚಿನಲ್ಲಿ ಜಾಡು ಕಾಣದಾಯಿತು. ನೀರಿಲ್ಲದ ಮನುಷ್ಯರು ಇನ್ನು ಮುಂದೆ ಹೋಗಿರಲಾರರು, ಮರಳು ಅವರನ್ನು ಮುಚ್ಚಿರಬೇಕು ಎಂದು ತಂಡದವರು ಶೋಧವನ್ನು ನಿಲ್ಲಿಸಿದರು. ಇದೂ ಒಂದು ಊಹೆಯೇ. ಇದೂ ತಪ್ಪಾಯಿತು. ೧೯೬೦ರ ಫೆಬ್ರವರಿಯಲ್ಲಿ ತೈಲಶೋಧಕರು ಆ ಅಂಚಿನಿಂದ ಬಹು ದೂರದಲ್ಲಿ ಐವರ ಅವಶೇಷಗಳನ್ನು ಒಂದೇ ಕಡೆ ಕಂಡರು. ಹ್ಯಾಟನ್, ಟೋನರ್, ಹೇಸ್, ಲಮಾಟ್, ಆಡಮ್ಸ್. ಟೋನರನ ದಿನಚರಿ ಅಲ್ಲಿ ಸಿಕ್ಕಿತು.

೬

ದಿನಚರಿ ಬಹಳ ಚಿಕ್ಕದು. ದಿನಕ್ಕೆ ಕೆಲವೇ ಮಾತುಗಳು. ಆದರೆ ಇಡೀ ವಾಯುಸೇನೆಯ ಕಡತಗಳು ಹೇಳಲಾರದುದನ್ನು ಅದು ಹೇಳುತ್ತದೆ. ಅದರ ಸಾರಾಂಶ ಹೀಗಿದೆ.

ಭಾನುವಾರದ ನಮೂದಿನಲ್ಲಿ ನೇಪಲ್ಸಿಗೆ ಹೋದುದು, ಬರುವಾಗ ದಾರಿ ತಪ್ಪಿದುದು, ಇಂಧನ ತೀರಿ ಹಾರಿದುದು. ಯಾರಿಗೂ ಹೆಚ್ಚಿನ ಪೆಟ್ಟಾಗಿಲ್ಲ. ಜಾನ್ ಮಾತ್ರ ಸಿಕ್ಕಿಲ್ಲ. ಈ ಜಾನ್ ಎಂದರೆ ವೊರಾವ್ಕಾ. ಸೋಮವಾರ ಎಂಟು ಜನ ವಾಯವ್ಯಕ್ಕೆ ನಡೆಯತೊಡಗಿದರು. ಇದ್ದ ನೀರು ಅರ್ಧ ಸೀಸೆ, ಅಂದರೆ ಎಂಟು ಜನರಿಗೂ ಕೂಡಿ ಸುಮಾರು ಅರ್ಧ ಲೀಟರು. ದಿನಕ್ಕೆ ತಲೆಗೊಂದು ಮುಚ್ಚಳದಷ್ಟು ಎಂದು ಹಂಚಿಕೊಂಡರು. ಮಂಗಳವಾರ ಬಿಸಿಲಿನಲ್ಲಿ ಮಲಗಿ, ಸಂಜೆಯಿಂದ ರಾತ್ರಿಯೆಲ್ಲ ಹದಿನೈದು ನಿಮಿಷ ನಡೆದು ಐದು ನಿಮಿಷ ಕುಳಿತು ಮುಂದುವರಿದರು. ಬುಧವಾರ ಎಲ್ಲರೂ ಬಲಗುಂದಿದರು. ಪ್ರಾರ್ಥನೆ ನಡೆದೇ ಇತ್ತು. ಗುರುವಾರ ಮರಳ ದಿಬ್ಬಗಳು ಎದುರಾದುವು. ಬೀಸುವ ಮರಳಿನಿಂದ ಲಮಾಟನ ಕಣ್ಣು ಹೋಯಿತು. ಉಳಿದವರ ಕಣ್ಣುಗಳೂ ಕೆಟ್ಟುವು. ಆದರೂ ವಾಯವ್ಯಕ್ಕೇ ನಡೆದರು. ಶುಕ್ರವಾರ, ಏಪ್ರಿಲ್ ೯ರಂದು, ಶೆಲ್ಲಿ, ರಿಪ್‌ಸ್ಲಿಂಗರ್, ಮೂರ್ ಮೂವರೂ ಸಹಾಯ ತರುತ್ತೇವೆಂದು ಮುಂದೆ ಹೋದರು. ಐವರು ನಡೆಯಲಾರದೆ ಉಳಿದರು. ರಾತ್ರಿ ಕಡು ಚಳಿ. ಮರೆಗೆ ಒಂದೇ ಪ್ಯಾರಾಶೂಟು. ಶನಿವಾರ ಒಂದೆರಡು ಹಕ್ಕಿಗಳನ್ನು ಕಂಡರು. ಭಾನುವಾರ ನಾಲಗೆಗೆ ಸೋಕಿಸುವಷ್ಟು ನೀರು ಉಳಿದಿತ್ತು. ನೀರಿದ್ದರೆ ಬದುಕಬಲ್ಲೆವು, ಸಹಾಯ ಬೇಗನೆ ಬರುವುದೆಂಬ ಭರವಸೆಯಿದೆ ಎಂದು ಟೋನರ್ ಬರೆದನು. ಸೋಮವಾರ, ಏಪ್ರಿಲ್ ೧೨ರ ನಮೂದು ಒಂದೇ ಸಾಲು: ಸಹಾಯ ಬಂದಿಲ್ಲ, ರಾತ್ರಿ ಬಹಳ ಚಳಿ. ಮುಂದೆ ಬರಹವಿಲ್ಲ.

ಈ ಐವರು ನಡೆದು ಬಂದ ದೂರ ಸುಮಾರು ೮೦ ಮೈಲು. ಅಂತಹ ಬಿಸಿಲಿನಲ್ಲಿ, ಅಷ್ಟು ನೀರಿನ ಮೇಲೆ, ಇದರ ಅರ್ಧವನ್ನೂ ನಡೆಯಲಾಗದೆಂದು ತಜ್ಞರು ಎಣಿಸಿದ್ದರು. ೧೯೬೦ರ ಮೇ ತಿಂಗಳಿನಲ್ಲಿ ಶೆಲ್ಲಿ ಮತ್ತು ರಿಪ್‌ಸ್ಲಿಂಗರರ ಅವಶೇಷಗಳು ಇನ್ನೂ ಇಪ್ಪತ್ತು ಮೈಲಿಗೂ ಮಿಕ್ಕು ಮುಂದೆ ದೊರೆತುವು. ಮೂವರೂ ಮಾತಿನಂತೆ ಕಾಲು ಸೋಲುವವರೆಗೆ ಹೋಗಿದ್ದರು. ಆಗಸ್ಟಿನಲ್ಲಿ ವೊರಾವ್ಕಾ ಸಿಕ್ಕಿದನು. ಅವನ ಪ್ಯಾರಾಶೂಟು ಸರಿಯಾಗಿ ಬಿಚ್ಚಿಕೊಂಡಿರಲಿಲ್ಲ; ನೆಲ ಮುಟ್ಟುವಾಗಲೇ ಅವನ ಪ್ರಾಣ ಹೋಗಿತ್ತು. ಅವನಿಗಾಗಿ ಗೆಳೆಯರು ಕಾದುದೂ ಕರೆದುದೂ ಅವನಿಗೆ ತಲಪುವಂತಿರಲಿಲ್ಲ. ಮೂರನ ಅವಶೇಷ ಇಂದಿಗೂ ದೊರೆತಿಲ್ಲ.

೭

ಈ ಘಟನೆಯನ್ನು ಕುರಿತು ಬರೆದವರಲ್ಲಿ ಹಲವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: ವಾಯವ್ಯಕ್ಕೆ ಹೋಗದೆ ಆಗ್ನೇಯಕ್ಕೆ ೧೬ ಮೈಲು ನಡೆದಿದ್ದರೆ ವಿಮಾನ ಸಿಗುತ್ತಿತ್ತು, ನೀರೂ ರೇಡಿಯೋವೂ ಸಿಗುತ್ತಿದ್ದುವು ಎಂದು. ಮಾತು ನಿಜ. ಆದರೆ ಇದನ್ನು ಅವರ ತಪ್ಪೆಂದು ಎಣಿಸುವುದು ನ್ಯಾಯವಲ್ಲ. ಚಾಲಕನಿಲ್ಲದ ವಿಮಾನ ತಾನಾಗಿ ಇಳಿದು ಸುರಕ್ಷಿತವಾಗಿ ನಿಂತಿದೆ ಎಂದು ಯಾವ ವೈಮಾನಿಕನು ತಿಳಿಯಬಲ್ಲನು? ಬಿದ್ದ ವಿಮಾನ ಉರಿದು ನುಚ್ಚಾಗಿರಬೇಕೆಂಬುದೇ ಎಲ್ಲರ ಅನುಭವ. ಗೆದ್ದಮೇಲೆ ಪಗಡೆಯಾಟದ ನಡೆಯನ್ನು ಹೇಳಿಕೊಡುವುದು ಸುಲಭ.

ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ನೆಲಕ್ಕಿಳಿದ ಬೆಳಗ್ಗೆ ಅವರು ವಾಯವ್ಯಕ್ಕೆ ಹೊರಟರು. ಅಂದರೆ ತಾವು ಬೀಡನ್ನು ದಾಟಿ ಆಚೆಗೆ ಬಂದಿದ್ದೇವೆ, ಮನೆ ಹಿಂದಿದೆ ಎಂಬುದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ರೇಡಿಯೋ ಬಳೆ ಹೇಳಲಾರದೆ ಹೋದ ಸತ್ಯವನ್ನು ಕಾಲಡಿಯ ಮರಳು ಹೇಳಿತು. ದಿಕ್ಕನ್ನು ಅವರು ತಿದ್ದಿಕೊಂಡರು. ತಿದ್ದಿಕೊಳ್ಳಲಾಗದಿದ್ದುದು ದೂರವನ್ನು. ೪೪೦ ಮೈಲು ಎಂದು ತಿಳಿದಿದ್ದರೆ ಅರ್ಧ ಸೀಸೆ ನೀರಿನೊಡನೆ ಯಾರೂ ಆ ದಾರಿಯನ್ನು ಹಿಡಿಯುತ್ತಿರಲಿಲ್ಲ. ಹತ್ತಿರವೆಂಬ ನಂಬಿಕೆಯೇ ಅವರನ್ನು ಎಂಬತ್ತು ಮೈಲು ನಡೆಸಿತು.

ಹಾಗಾದರೆ ತಪ್ಪು ಬೆನಿನಾದವರದೋ? ಅವರನ್ನು ದೂರುವುದೂ ಸುಲಭವೇ. ಆದರೆ ಒಂದು ರಾತ್ರಿ, ಒಂದು ಕೇಂದ್ರ, ಒಂದು ಬಳೆ, ನಿರೀಕ್ಷಿಸಿದ ಕಡೆಯಿಂದಲೇ ಬಂದಂತೆ ತೋರುವ ಧ್ವನಿ. ಅದನ್ನು ಸಂಶಯಿಸಲು ಅವರಿಗೆ ಯಾವ ಕಾರಣವೂ ಕಾಣಲಿಲ್ಲ. ಕಾರಣ ಕಾಣದಿದ್ದಾಗಲೇ ಸಂಶಯಿಸಬೇಕಾಗುತ್ತದೆ ಎಂಬುದು ಈ ಘಟನೆಯಿಂದ ಕಲಿಯಬೇಕಾದ ಪಾಠ. ವಿಮಾನದ ಕಥೆಯಲ್ಲಿ ಈ ದೋಷ ನಾಲ್ಕು ಸಲ ನಡೆದಿದೆ. ರೇಡಿಯೋ ಕೇಂದ್ರ ಒಂದು ರೇಖೆಯಿಂದ ಸ್ಥಳವನ್ನು ನಿರ್ಣಯಿಸಿತು. ಶೋಧಕರು ಆ ನಿರ್ಣಯದಿಂದ ಸಮುದ್ರವನ್ನು ಆರಿಸಿದರು. ದಫ್ತರದವರು ಆ ಆಯ್ಕೆಯಿಂದ ೧೯೫೮ರ ವರದಿಯನ್ನು ಬದಿಗಿಟ್ಟರು. ೧೯೫೯ರ ತಂಡದವರು ಮನುಷ್ಯನ ಶಕ್ತಿಗೆ ತಾವೇ ಗೆರೆಯೆಳೆದು ಗೆರೆಯ ಈಚೆಗೇ ನಿಂತರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಲಸದಲ್ಲಿ ಅಲಕ್ಷ್ಯ ಮಾಡಲಿಲ್ಲ. ಪ್ರತಿಯೊಬ್ಬರೂ ತಮಗಿಂತ ಹಿಂದಿನವನ ಊಹೆಯನ್ನು ಸಂಗತಿಯೆಂದು ಸ್ವೀಕರಿಸಿದರು.

ವಿಮಾನದ ಬಿಡಿಭಾಗಗಳನ್ನು ತೆಗೆದು ಬೇರೆ ವಿಮಾನಗಳಿಗೆ ಜೋಡಿಸಿದಾಗ ಅವಕ್ಕೂ ಅಪಾಯವೊದಗಿತೆಂಬ ಕಥೆಗಳು ಆಮೇಲೆ ಹುಟ್ಟಿದುವು. ಶಾಪಗ್ರಸ್ತ ವಿಮಾನವೆಂಬ ಖ್ಯಾತಿಯೂ ಅದಕ್ಕೆ ಬಂದಿತು. ಚರಿತ್ರೆಗೆ ಈ ಶಾಪದಿಂದ ಪ್ರಯೋಜನವಿಲ್ಲ. ಶಾಪವೆಂದುಬಿಟ್ಟರೆ ಕಾರಣಗಳನ್ನು ವಿಚಾರಿಸುವ ಹೊಣೆ ತಪ್ಪುತ್ತದೆ. ಇಲ್ಲಿ ಕಾರಣಗಳು ಹಗಲಿನಷ್ಟು ಸ್ಪಷ್ಟವಾಗಿವೆ.

೮

ಮರುಭೂಮಿಯಲ್ಲಿದ್ದ ವಿಮಾನ ಅನೇಕ ವರ್ಷಗಳ ಕಾಲ ಸಂದರ್ಶಕರ ಕೈಗೆ ಸಿಕ್ಕಿ ಭಾಗಭಾಗವಾಗಿ ಹೋಯಿತು. ಉಳಿದುದನ್ನು ೧೯೯೪ರಲ್ಲಿ ಲಿಬಿಯಾದವರು ಟೋಬ್ರುಕ್ಕಿಗೆ ಸಾಗಿಸಿದರು. ಅದರ ಒಂದು ಪ್ರೊಪೆಲರ್ ಲಮಾಟನ ಊರಾದ ಮಿಶಿಗನ್ನಿನ ಲೇಕ್ ಲಿಂಡನ್ನಿನಲ್ಲಿದೆ. ಕೆಲವು ಭಾಗಗಳು ಅಮೆರಿಕದ ವಾಯುಸೇನೆಯ ಸಂಗ್ರಹಾಲಯದಲ್ಲಿವೆ.

ಒಂಬತ್ತು ಮನೆಗಳವರು ತಮ್ಮ ಮಕ್ಕಳು ಸಮುದ್ರದಲ್ಲಿ ಮುಳುಗಿದರೆಂದೇ ೧೬ ವರ್ಷ ನಂಬಿದ್ದರು. ಎಂಟು ಮನೆಗಳಿಗೆ ಕೊನೆಗೆ ಸತ್ಯ ತಿಳಿಯಿತು, ಅಸ್ಥಿಯೂ ಬಂದಿತು. ಒಂಬತ್ತನೆಯ ಮನೆಗೆ ಸತ್ಯ ಮಾತ್ರ ಬಂದಿತು. ಸಮುದ್ರದಲ್ಲಿ ಕ್ಷಣದಲ್ಲಿ ಮುಳುಗಿದನೆಂಬ ಹಳೆಯ ನಂಬಿಕೆಗಿಂತ ಎಂಟು ದಿನ ಬಾಯಾರಿ ನಡೆದನೆಂಬ ಸತ್ಯ ಹೆಚ್ಚು ಕಠೋರವಾದುದು. ಆದರೂ ಅದನ್ನು ತಿಳಿಯಬೇಕಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಮುಳುಗಿದವರೆಂದು ಉಳಿದಿದ್ದರೆ, ಅವರು ಒಬ್ಬರನ್ನೊಬ್ಬರು ಬಿಟ್ಟುಹೋಗದೆ ನಡೆದುದು, ನೀರನ್ನು ಮುಚ್ಚಳದಲ್ಲಿ ಅಳೆದು ಸಮನಾಗಿ ಹಂಚಿಕೊಂಡುದು, ಕಾಲಿನಲ್ಲಿ ಬಲವಿದ್ದ ಮೂವರು ಇಲ್ಲದ ಐವರಿಗಾಗಿ ಮುಂದೆ ಹೋದುದು ಎಲ್ಲವೂ ಅಳಿದುಹೋಗುತ್ತಿದ್ದುವು.

ಟೋನರನ ದಿನಚರಿಯಲ್ಲಿ ಇನ್ನೊಂದು ವಿಶೇಷವಿದೆ. ಒಂಬತ್ತು ದಿನಗಳ ನಮೂದಿನಲ್ಲಿ ಯಾರನ್ನೂ ದೂರಿದ ಮಾತಿಲ್ಲ. ದಿಕ್ಕು ತಪ್ಪಿಸಿದ ಕೇಂದ್ರವನ್ನಾಗಲಿ, ಚಾಲಕನನ್ನಾಗಲಿ, ಪಥನಿರ್ದೇಶಕನನ್ನಾಗಲಿ, ಬಾರದ ಶೋಧಕರನ್ನಾಗಲಿ ಅವನು ಹೆಸರಿಸಿಲ್ಲ. ದಿನ, ಹವೆ, ನೀರು, ಗೆಳೆಯರ ಸ್ಥಿತಿ, ನಡೆದ ದಿಕ್ಕು ಇಷ್ಟನ್ನೇ ಬರೆದನು. ಕಂಡುದನ್ನು ಮಾತ್ರ ಬರೆದುದರಿಂದ ಆ ಬರಹ ೧೭ ವರ್ಷಗಳ ತರುವಾಯವೂ ಸಾಕ್ಷಿಯಾಗಿ ನಿಂತಿತು, ಸಮುದ್ರವನ್ನು ಕುರಿತ ಊಹೆಯನ್ನು ಶಾಶ್ವತವಾಗಿ ತಳ್ಳಿಹಾಕಿತು. ದೊಡ್ಡ ದಫ್ತರಗಳಲ್ಲಿ ತಪ್ಪಾಗಿ ನಿಂತುಹೋಗಿದ್ದ ಸಂಗತಿಯನ್ನು ತಿದ್ದಿದುದು ಕಣ್ಣು ಮಂಜಾದ, ಕೈ ಸೋತ ಒಬ್ಬ ಮನುಷ್ಯನ ಚಿಕ್ಕ ಪುಸ್ತಕ.